ಊರಿಗೆ ಮರಳುವ ಮುನ್ನ, ಯಾವ ಗುರುತಿನೊಡನೆ?

ಮಕರ ಸಂಕ್ರಾಂತಿಯ ದಿನಗಳಲ್ಲಿ ಕುಂಬಳೆಯ ಬೀದಿಗಳು ತುಂಬುತ್ತವೆ. ಕಣಿಪುರ ಗೋಪಾಲಕೃಷ್ಣ ದೇವಸ್ಥಾನದ ಉತ್ಸವಕ್ಕೆ, ಅದರಲ್ಲಿಯೂ ‘ಕುಂಬಳೆ ಬೆಡಿ’ಯ ರಾತ್ರಿಗೆ, ದೂರದೇಶಗಳಲ್ಲಿರುವ ಮಕ್ಕಳು ರಜೆ ಹೊಂದಿಸಿಕೊಂಡು ಬರುತ್ತಾರೆ. ಬೆಡಿ ಮುಗಿದ ಮರುದಿನ ನಮ್ಮ ಮನೆಯ ಜಗಲಿಗೆ ಯಾರಾದರೊಬ್ಬ ಹಳೆಯ ವಿದ್ಯಾರ್ಥಿ ಬಂದು ಕುಳಿತುಕೊಳ್ಳುವುದು ವಾಡಿಕೆ. ಈ ಬಾರಿ ಬಂದವನು ತಂದೆಯನ್ನೂ ಜೊತೆಗೆ ಕರೆತಂದಿದ್ದ. ಇಬ್ಬರ ಮುಖದಲ್ಲಿಯೂ ಮನೆಯಲ್ಲಿ ಮಾತು ಮುಗಿಯದೆ ಹೊರಟು ಬಂದವರ ಬಿಗುವು ಕಾಣುತ್ತಿತ್ತು.

ಅವನು ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿಯವರೆಗೆ ಓದಿದವನು. ಮುಂದೆ ಮಂಗಳೂರಿನಲ್ಲಿ ಎಂಜಿನಿಯರಿಂಗ್ ಮುಗಿಸಿದವನು. ಈಗ ಏಳು ವರ್ಷಗಳಿಂದ ಕೆನಡಾದಲ್ಲಿದ್ದಾನೆ. ಮಗಳಿಗೆ ಎಂಟು ವರ್ಷ, ಹುಟ್ಟಿದ್ದು ಇಲ್ಲಿ. ಮಗನಿಗೆ ನಾಲ್ಕು, ಹುಟ್ಟಿದ್ದು ಅಲ್ಲಿ. ತಾಯಿಯ ಆರೋಗ್ಯ ಕುಸಿದಿದೆ, ತಂದೆಗೆ ಕಂಗಿನ ತೋಟ ನೋಡಿಕೊಳ್ಳುವ ಶಕ್ತಿ ಉಳಿದಿಲ್ಲ. ಎರಡು ವರ್ಷಗಳೊಳಗೆ ಊರಿಗೆ ಬಂದು ನೆಲಸುವುದೆಂದು ಗಂಡ ಹೆಂಡತಿ ನಿಶ್ಚಯಿಸಿದ್ದಾರೆ. ತಂಟೆ ಇರುವುದು ಅದಕ್ಕೆ ಮೊದಲಿನ ಹೆಜ್ಜೆಯಲ್ಲಿ. ಕೆನಡಾದ ಪೌರತ್ವಕ್ಕೆ ಅವರು ಅರ್ಹರಾಗಿದ್ದಾರೆ. ಹೊರಡುವ ಮೊದಲು ಅದನ್ನು ಪಡೆದುಕೊಂಡೇ ಬರುವುದೋ, ಇದ್ದ ಹಾಗೆಯೇ ಬರುವುದೋ?

“ಎರಡನೆಯದೊಂದು ಪೌರತ್ವ ಕೈಯಲ್ಲಿದ್ದರೆ ನಷ್ಟವೇನು ಮಾಸ್ತರರೇ?” ಎಂದು ಮಗ ಕೇಳಿದ. “ಇದ್ದದ್ದನ್ನು ಕಳೆದುಕೊಂಡು ಬರುವವನು ಊರಿಗೆ ಬಂದ ಹಾಗಾಯಿತೇ?” ಎಂದು ತಂದೆ ಕೇಳಿದರು. ಇಬ್ಬರ ಪ್ರಶ್ನೆಗೂ ಆ ದಿನ ಅರ್ಧ ಉತ್ತರವನ್ನಷ್ಟೇ ಕೊಡಲು ನನ್ನಿಂದಾಯಿತು. ಉಳಿದರ್ಧವನ್ನು ಇಲ್ಲಿ ಬರೆಯುತ್ತಿದ್ದೇನೆ, ಏಕೆಂದರೆ ಇದೇ ಪ್ರಶ್ನೆ ಈ ಅಂಕಣವನ್ನು ಓದುವ ಇನ್ನೂ ಹಲವು ಮನೆಗಳಲ್ಲಿ ಇರಬಹುದು.

ನಮ್ಮ ಸೀಮೆಯಿಂದ ಹೊರದೇಶಕ್ಕೆ ಹೋದವರಲ್ಲಿ ಹೆಚ್ಚಿನವರು ಕೊಲ್ಲಿ ರಾಷ್ಟ್ರಗಳಿಗೆ ಹೋದವರು. ಅವರಿಗೆ ಈ ಸಮಸ್ಯೆ ಎದುರಾದುದೇ ಇಲ್ಲ. ಮೂವತ್ತು ವರ್ಷ ದುಡಿದರೂ ಅಲ್ಲಿ ಸಾಮಾನ್ಯ ನೌಕರನಿಗೆ ಪೌರತ್ವದ ಬಾಗಿಲು ತೆರೆಯುವುದಿಲ್ಲ. ವೀಸಾ ಮುಗಿದ ದಿನ ಪೆಟ್ಟಿಗೆ ಕಟ್ಟಲೇಬೇಕು. ಆ ಕಾಠಿಣ್ಯದ ಒಂದು ಫಲವೆಂದರೆ, ಅವರು ಹೋದಾಗ ಇದ್ದ ಪಾಸ್‌ಪೋರ್ಟಿನೊಂದಿಗೇ ಮರಳಿದರು. ಕೆನಡಾ, ಆಸ್ಟ್ರೇಲಿಯಾ, ಅಮೆರಿಕಗಳ ರೀತಿ ಬೇರೆ. ಕೆನಡಾದಲ್ಲಿ ಖಾಯಂ ನಿವಾಸಿಯಾದವನು ಐದು ವರ್ಷಗಳಲ್ಲಿ 1,095 ದಿನ ಅಲ್ಲಿದ್ದರೆ ಪೌರತ್ವಕ್ಕೆ ಅರ್ಜಿ ಹಾಕಬಹುದು. ಆಸ್ಟ್ರೇಲಿಯಾದಲ್ಲಿ ನಾಲ್ಕು ವರ್ಷಗಳ ವಾಸ, ಅದರಲ್ಲಿ ಕೊನೆಯ ಒಂದು ವರ್ಷ ಖಾಯಂ ನಿವಾಸಿಯಾಗಿ. ಅಮೆರಿಕದಲ್ಲಿ ಸಾಮಾನ್ಯವಾಗಿ ಗ್ರೀನ್ ಕಾರ್ಡ್ ದೊರೆತು ಐದು ವರ್ಷ. ಹೊಸ ತಲೆಮಾರು ಈ ದೇಶಗಳತ್ತ ಮುಖ ಮಾಡಿದುದರಿಂದ ಕುಂಬಳೆಯಂಥ ಊರಿಗೂ ಪ್ರಶ್ನೆ ಬಂದು ತಲಪಿದೆ.

ಮಗನ ವಾದದಲ್ಲಿ ಹುರುಳಿಲ್ಲವೆನ್ನುವಂತಿಲ್ಲ. ಕೆನಡಾದ ಖಾಯಂ ನಿವಾಸದ ಹಕ್ಕನ್ನು ಉಳಿಸಿಕೊಳ್ಳಲು ಐದು ವರ್ಷಗಳಲ್ಲಿ 730 ದಿನವಾದರೂ ಆ ದೇಶದಲ್ಲಿರಬೇಕು. ಊರಿಗೆ ಬಂದು ತಾಯಿಯ ಸೇವೆ, ತೋಟದ ಕೆಲಸ ಎಂದು ನಾಲ್ಕು ವರ್ಷ ಕಳೆದರೆ ಆ ಹಕ್ಕು ಜಾರಿಹೋಗುವುದು. ಪೌರತ್ವ ಹಾಗೆ ಜಾರುವುದಿಲ್ಲ. ಇಲ್ಲಿ ಉದ್ಯೋಗ ಸಿಗದಿದ್ದರೆ, ಮಕ್ಕಳು ಒಗ್ಗದಿದ್ದರೆ, ಮರಳಿ ಹೋಗುವ ಬಾಗಿಲು ತೆರೆದಿರುತ್ತದೆ. ನಾಳೆ ಮಗಳು ಅಲ್ಲಿ ಓದಬಯಸಿದರೆ ವಿದೇಶೀ ವಿದ್ಯಾರ್ಥಿಯ ದುಬಾರಿ ಶುಲ್ಕ ತೆರಬೇಕಿಲ್ಲ. ಏಳು ಚಳಿಗಾಲಗಳ ದುಡಿಮೆಯಿಂದ ಸಂಪಾದಿಸಿದ ಅರ್ಹತೆಯನ್ನು ಬಿಟ್ಟು ಬಾ ಎಂದು ಹೇಳುವುದು ಸುಲಭವಲ್ಲ.

ಆದರೆ ‘ಎರಡನೆಯ ಪೌರತ್ವ’ ಎಂಬ ಅವನ ಮಾತನ್ನು ಮೊದಲು ತಿದ್ದಬೇಕಾಗಿದೆ. ಭಾರತೀಯನಿಗೆ ಎರಡನೆಯದೆಂಬುದು ಇಲ್ಲ. ಸ್ವಇಚ್ಛೆಯಿಂದ ಪರದೇಶದ ಪೌರತ್ವ ಪಡೆದವನು ಭಾರತದ ಪೌರನಾಗಿರಲಾರನೆಂಬ ತತ್ತ್ವವು ಸಂವಿಧಾನದ 9ನೆಯ ವಿಧಿಯಲ್ಲಿಯೇ ಇದೆ. ಸಂವಿಧಾನದ ಹೆಚ್ಚಿನ ಭಾಗ 1950ರ ಜನವರಿ 26ರಂದು ಜಾರಿಗೆ ಬಂದರೂ, ಪೌರತ್ವದ ವಿಧಿಗಳು 1949ರ ನವೆಂಬರ್ 26ರಂದು, ಅಂಗೀಕಾರದ ದಿನವೇ, ಜಾರಿಯಾದವು. 1955ರ ಪೌರತ್ವ ಕಾಯ್ದೆಯ 9ನೆಯ ಸೆಕ್ಷನ್ ಅದನ್ನೇ ಮುಂದುವರಿಸಿತು. ಪರದೇಶದ ಪೌರತ್ವ ಪಡೆದ ಕ್ಷಣದಲ್ಲಿ ಭಾರತದ ಪೌರತ್ವ ತಾನಾಗಿ ಕೊನೆಗೊಳ್ಳುತ್ತದೆ. ಯಾರೂ ಆಜ್ಞೆ ಹೊರಡಿಸಬೇಕಿಲ್ಲ. ಹಳೆಯ ಪಾಸ್‌ಪೋರ್ಟನ್ನು ಒಪ್ಪಿಸುವುದು ಆಗಿಹೋದುದರ ದಾಖಲೆ ಮಾತ್ರ. ಜರ್ಮನಿ 2024ರ ಜೂನ್‌ನಿಂದ ತನ್ನ ಹೊಸ ಪೌರರಿಗೆ ಹಳೆಯ ಪೌರತ್ವವನ್ನು ಇಟ್ಟುಕೊಳ್ಳಲು ಅವಕಾಶ ಕೊಟ್ಟಿದೆ. ಕೆನಡಾವಂತೂ ಹಿಂದಿನಿಂದಲೂ ಕೊಟ್ಟಿದೆ. ಆ ದೇಶ ಒಪ್ಪಿದ ಮಾತ್ರಕ್ಕೆ ನಮ್ಮ ಕಾನೂನು ಒಪ್ಪಿದಂತಾಗುವುದಿಲ್ಲ. ಹಾಗಾಗಿ ಮಗನ ಮುಂದಿರುವುದು ಒಂದಕ್ಕೆ ಇನ್ನೊಂದನ್ನು ಕೂಡಿಸಿಕೊಳ್ಳುವ ಲೆಕ್ಕವಲ್ಲ, ವಿನಿಮಯದ ಲೆಕ್ಕ.

ಕಾಗದದ ಹಿಂದಿನ ಉದ್ದೇಶವನ್ನು ಕಾನೂನು ಕೇಳುವುದಿಲ್ಲವೆಂಬ ಪಾಠವನ್ನು ನಮ್ಮ ನೆರೆಯವರು ಬಹಳ ಹಿಂದೆಯೇ ಕಲಿತಿದ್ದಾರೆ. ವಿಭಜನೆಗೆ ಮೊದಲು ಮಲಬಾರಿನ ಅನೇಕ ಬಡ ಮುಸಲ್ಮಾನರು ಕರಾಚಿಗೆ ಹೋಗಿ ಚಹಾದಂಗಡಿಗಳಲ್ಲಿ, ಹೋಟೆಲುಗಳಲ್ಲಿ ದುಡಿಯುತ್ತಿದ್ದರು. ಅವರಿಗೆ ಅದು ಮುಂಬಯಿಗೆ ಹೋದಷ್ಟೇ ಸಹಜ. 1947ರ ಬಳಿಕ ಕರಾಚಿ ಬೇರೆ ದೇಶವಾಯಿತು. 1952ರಲ್ಲಿ ಎರಡು ದೇಶಗಳ ನಡುವೆ ಪಾಸ್‌ಪೋರ್ಟ್ ಪದ್ಧತಿ ಬಂತು. ಮನೆಗೆ ಬರಬೇಕಾದರೆ ಕಾಗದ ಬೇಕು; ಅಲ್ಲಿ ದೊರೆಯುತ್ತಿದ್ದ ಕಾಗದ ಪಾಕಿಸ್ತಾನದ ಪಾಸ್‌ಪೋರ್ಟ್. ಹೆಂಡತಿ ಮಕ್ಕಳನ್ನು ನೋಡುವ ಆತುರದಲ್ಲಿ ಅದನ್ನೇ ಹಿಡಿದು ಬಂದವರು ತಮ್ಮ ಮನೆಯಂಗಳದಲ್ಲಿಯೇ ವಿದೇಶೀಯರಾದರು. ವೀಸಾದ ಅವಧಿ ಮುಗಿದೊಡನೆ ಪೊಲೀಸರು ಬರತೊಡಗಿದರು. ಪರದೇಶದ ಪಾಸ್‌ಪೋರ್ಟ್ ಪಡೆದಿರುವುದೇ ಆ ದೇಶದ ಪೌರತ್ವವನ್ನು ಸ್ವಇಚ್ಛೆಯಿಂದ ಪಡೆದುದಕ್ಕೆ ನಿರ್ಣಾಯಕ ಸಾಕ್ಷ್ಯವೆಂಬ ನಿಯಮವನ್ನು 1962ರಲ್ಲಿ ಇಜಾರ್ ಅಹ್ಮದ್ ಖಾನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಉತ್ತರ ಕೇರಳದ ಹಲವು ವೃದ್ಧರು ದಶಕಗಳ ಕಾಲ ಇದೇ ಹಣೆಪಟ್ಟಿ ಹೊತ್ತು ಬದುಕಿದರು. 2007ರಲ್ಲಿ ಬಂದ ‘ಪರದೇಶಿ’ ಎಂಬ ಮಲಯಾಳ ಚಲನಚಿತ್ರದ ವಸ್ತು ಇದೇ.

ಇಂದಿನ ಕೆನಡಾದ ಎಂಜಿನಿಯರಿಗೂ ಅಂದಿನ ಕರಾಚಿಯ ಚಹಾದಂಗಡಿಯ ಹುಡುಗನಿಗೂ ಹೋಲಿಕೆ ಎಲ್ಲಿಯದು ಎಂದು ಕೇಳಬಹುದು. ನಿಜ, ಇಂದು ಮರಳುವವನನ್ನು ಯಾರೂ ಅಟ್ಟುವುದಿಲ್ಲ. ಅವನಿಗಾಗಿ ಓಸಿಐ ಕಾರ್ಡ್ ಇದೆ. ಸಾಗರೋತ್ತರ ಭಾರತೀಯ ಪೌರರೆಂದು ಅದರ ಹೆಸರು. 2003 ಮತ್ತು 2005ರ ತಿದ್ದುಪಡಿಗಳಿಂದ ರೂಪುಗೊಂಡ ಈ ವ್ಯವಸ್ಥೆಯಲ್ಲಿ ಜೀವಮಾನವಿಡೀ ವೀಸಾದ ತೊಡಕಿಲ್ಲದೆ ಬರಬಹುದು, ಇರಬಹುದು, ದುಡಿಯಬಹುದು; ವೈದ್ಯ, ವಕೀಲ, ಲೆಕ್ಕಪರಿಶೋಧಕ ಮೊದಲಾದ ವೃತ್ತಿಗಳನ್ನು ನಡೆಸಬಹುದು. ಮಕ್ಕಳನ್ನು ಶಾಲೆಗೆ ಸೇರಿಸಬಹುದು. ಹೆಸರಿನಲ್ಲಿ ‘ಪೌರ’ ಎಂಬ ಪದವಿದ್ದರೂ ಅದು ಪೌರತ್ವವಲ್ಲ. ಕಾರ್ಡಿನಲ್ಲಿ ಇಲ್ಲದಿರುವುದೇನು ಎಂಬುದನ್ನು ಕುಂಬಳೆಯ ನೆಲದಲ್ಲಿ ನಿಂತು ನೋಡಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ.

ಮೊದಲನೆಯದು ತೋಟ. ಓಸಿಐ ಕಾರ್ಡಿನವರು ಮನೆ, ಫ್ಲಾಟುಗಳನ್ನು ಕೊಳ್ಳಬಹುದು. ಕೃಷಿಭೂಮಿ, ತೋಟ, ಫಾರ್ಮ್‌ಹೌಸ್‌ಗಳನ್ನು ಕೊಳ್ಳುವ ಹಕ್ಕು ಅವರಿಗಿಲ್ಲ. ದಾನಪತ್ರದ ಮೂಲಕ ತಂದೆ ಬದುಕಿರುವಾಗಲೇ ತೋಟ ಬರೆದುಕೊಡುವುದಕ್ಕೂ ವಿದೇಶೀ ವಿನಿಮಯದ ನಿಯಮ ಅಡ್ಡ ಬರುತ್ತದೆ. ತಂದೆಯ ಕಾಲಾನಂತರ ಉತ್ತರಾಧಿಕಾರದಿಂದ ಬರುವುದಕ್ಕೆ ಅಡ್ಡಿಯಿಲ್ಲ. ಭಾರತದ ಪೌರನಾಗಿ ಉಳಿದವನಿಗೂ ಹೊರದೇಶದಲ್ಲಿ ನೆಲಸಿರುವಷ್ಟು ಕಾಲ ಇದೇ ನಿರ್ಬಂಧವಿದೆ. ಆದರೆ ಅವನು ಊರಿಗೆ ಬಂದು ನೆಲಸಿದೊಡನೆ ಅದು ಕಳಚಿಹೋಗುತ್ತದೆ. ಕಾರ್ಡಿನವನಿಗೆ ಕಳಚುವುದಿಲ್ಲ. ಕಂಗು, ತೆಂಗುಗಳನ್ನೇ ನೆಚ್ಚಿ ಮರಳುವವನಿಗೆ, ಪಕ್ಕದ ಅರ್ಧ ಎಕರೆಯನ್ನು ಕೊಂಡು ಹಾಳತವಾಗಿ ತೋಟ ಬೆಳೆಸಬೇಕೆಂದಿರುವವನಿಗೆ, ಇದು ಸಣ್ಣ ಮಾತಲ್ಲ.

ಎರಡನೆಯದು ಮತ. ಪೌರನಾಗಿ ಉಳಿದ ಪ್ರವಾಸಿಯ ಹೆಸರು, ಜನಪ್ರಾತಿನಿಧ್ಯ ಕಾಯ್ದೆಗೆ 2010ರಲ್ಲಿ ಸೇರಿಸಿದ 20ಎ ಸೆಕ್ಷನ್‌ನ ಪ್ರಕಾರ, ಪಾಸ್‌ಪೋರ್ಟಿನಲ್ಲಿರುವ ವಿಳಾಸದ ಮತದಾರರ ಪಟ್ಟಿಯಲ್ಲಿ ಇರಬಹುದು; ಮತದಾನದ ದಿನ ತಾನೇ ಬಂದು ಮತ ಹಾಕಬಹುದು. ಓಸಿಐ ಕಾರ್ಡಿನವನು ಇಪ್ಪತ್ತು ವರ್ಷ ಇಲ್ಲಿಯೇ ನೆಲಸಿದ್ದರೂ ಮತದಾರನಾಗಲಾರ. ಒಂದು ಮತದಿಂದ ಏನಾದೀತು ಎಂಬ ಮಾತನ್ನು ಬೇರೆಲ್ಲಿಯಾದರೂ ಆಡಬಹುದು, ಮಂಜೇಶ್ವರ ವಿಧಾನಸಭಾ ಕ್ಷೇತ್ರದಲ್ಲಿ ಆಡುವಂತಿಲ್ಲ. 2016ರಲ್ಲಿ ಇಲ್ಲಿಯ ಫಲಿತಾಂಶ ನಿರ್ಣಯವಾದದ್ದು 89 ಮತಗಳಿಂದ; 2021ರಲ್ಲಿ 745 ಮತಗಳಿಂದ.

ಮೂರನೆಯದು ಸರಕಾರಿ ಹುದ್ದೆ. ಕೇಂದ್ರವೋ ರಾಜ್ಯವೋ, ಸರಕಾರಿ ಸೇವೆಯ ನೇಮಕಾತಿಗೆ ಓಸಿಐ ಕಾರ್ಡಿನವರು ಸಾಮಾನ್ಯವಾಗಿ ಅರ್ಹರಲ್ಲ. ನಮ್ಮ ಸರಕಾರಿ ಕನ್ನಡ ಶಾಲೆಗಳಲ್ಲಿ ಕನ್ನಡ ಬಲ್ಲ ಅಧ್ಯಾಪಕರಿಗಾಗಿ, ಕಚೇರಿಗಳಲ್ಲಿ ಕನ್ನಡ ಬಲ್ಲ ನೌಕರರಿಗಾಗಿ ನಾವು ಎಷ್ಟು ಮನವಿಗಳನ್ನು ಬರೆದಿದ್ದೇವೆಂದು ಈ ಪತ್ರಿಕೆಯ ಓದುಗರು ಬಲ್ಲರು. ಕನ್ನಡದಲ್ಲಿಯೇ ಕಲಿತು ಬೆಳೆದ ಮಗುವೊಂದು ನಾಳೆ ಆ ಹುದ್ದೆಗೆ ಅರ್ಜಿ ಹಾಕಲಾಗದೆ ನಿಲ್ಲುವುದು ಸಾಧ್ಯ.

ಮಕ್ಕಳ ವಿಷಯದಲ್ಲಿ ಕಾನೂನು ಇನ್ನೂ ಸೂಕ್ಷ್ಮವಾಗಿದೆ. 2021ರ ಮಾರ್ಚ್ 4ರ ಅಧಿಸೂಚನೆಯ ಪ್ರಕಾರ ನೀಟ್, ಜೆಇಇ ಮೊದಲಾದ ಪರೀಕ್ಷೆಗಳ ಮೂಲಕ ದೊರೆಯುವ ಸೀಟುಗಳಲ್ಲಿ ಓಸಿಐ ವಿದ್ಯಾರ್ಥಿಗಳು ಅನಿವಾಸಿ ಭಾರತೀಯರಿಗೆ ಮೀಸಲಾದವಕ್ಕೆ ಮಾತ್ರ ಅರ್ಹರು. ಭಾರತೀಯ ಪೌರರಿಗೇ ಮೀಸಲಾದವಕ್ಕೆ ಅಲ್ಲ. ಈ ನಿರ್ಬಂಧ ಹಿಂದಿನವರಿಗೆ ತಟ್ಟದೆ ಮುಂದಿನವರಿಗೆ ಮಾತ್ರ ಅನ್ವಯಿಸಬೇಕೆಂದು 2023ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ನಾಲ್ಕು ವರ್ಷದ ನಮ್ಮ ಹುಡುಗ ಮುಂದಿನವರ ಸಾಲಿನಲ್ಲಿದ್ದಾನೆ. ಹೊರದೇಶದಲ್ಲಿ ಹುಟ್ಟಿದ ಮಗುವಿನ ಜನನವನ್ನು ಒಂದು ವರ್ಷದೊಳಗೆ ಭಾರತೀಯ ದೂತಾವಾಸದಲ್ಲಿ ನೋಂದಾಯಿಸಬೇಕು. ಮಗುವಿಗೆ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲವೆಂದು ಹೆತ್ತವರು ಘೋಷಿಸಬೇಕು. 2004ರ ಡಿಸೆಂಬರ್ 3ರ ಬಳಿಕ ಹುಟ್ಟಿದವರಿಗೆ ವಂಶಾನುಗತ ಪೌರತ್ವ ದೊರೆಯುವ ದಾರಿ ಇದು. ಕೊಲ್ಲಿಯಲ್ಲಿರುವ ನಮ್ಮ ಕುಟುಂಬಗಳೂ ಇದನ್ನು ಮರೆಯಬಾರದು. ಈ ಹುಡುಗನಿಗೆ ಹಾಗೆ ಮಾಡಿಸಿರಲಿಲ್ಲ. ಊರಿಗೆ ಕರೆತರುವ ಅವಸರದಲ್ಲಿ ಕೆನಡಾದ ಪಾಸ್‌ಪೋರ್ಟ್ ಮಾಡಿಸಿದರು, ಆಮೇಲೆ ಓಸಿಐ ಕಾರ್ಡ್ ಮಾಡಿಸಿದರು. ಅಜ್ಜನ ತೊಡೆಯ ಮೇಲೆ ಕುಳಿತು ಹಲಸಿನ ಹಪ್ಪಳ ತಿನ್ನುತ್ತಿದ್ದ ಮೊಮ್ಮಗ ಕಾನೂನಿನ ಕಣ್ಣಿಗೆ ಈಗಲೇ ವಿದೇಶೀಯ.

ಇದನ್ನು ಹೇಳಿದಾಗ ತಂದೆ ಮಗ ಇಬ್ಬರೂ ಮೌನವಾದರು. ಸರಿಪಡಿಸಲು ಮಾರ್ಗವಿಲ್ಲವೇ ಎಂದರೆ, ಇದೆ. ಹೆತ್ತವರು ಭಾರತದ ಪೌರರಾಗಿದ್ದರೆ ಅವರ ಅಪ್ರಾಪ್ತ ಮಗುವನ್ನು ಪೌರನನ್ನಾಗಿ ನೋಂದಾಯಿಸಿಕೊಳ್ಳಲು 1955ರ ಕಾಯ್ದೆಯ 5ನೆಯ ಸೆಕ್ಷನ್ ಅವಕಾಶ ಕೊಡುತ್ತದೆ. ಹೆತ್ತವರೂ ಕೆನಡಾದ ಪೌರರಾದರೆ ಆ ಮಾರ್ಗ ಮುಚ್ಚುತ್ತದೆ. ಮಗಳ ಸ್ಥಿತಿಯೂ ಹೆತ್ತವರ ನಿರ್ಧಾರವನ್ನೇ ಹಿಡಿದಿದೆ. ತಂದೆ ಅಥವಾ ತಾಯಿ ಪೌರತ್ವವನ್ನು ಘೋಷಣೆಯ ಮೂಲಕ ತ್ಯಜಿಸಿದಾಗ ಅದನ್ನು ಕಳೆದುಕೊಂಡ ಮಗು ಪ್ರಾಪ್ತವಯಸ್ಕವಾದ ಒಂದು ವರ್ಷದೊಳಗೆ ಮರಳಿ ಪಡೆಯಬಹುದೆಂದು 8ನೆಯ ಸೆಕ್ಷನ್ ಹೇಳುತ್ತದೆ. ಆದರೆ ಪರದೇಶದ ಪೌರತ್ವ ಪಡೆದುದರಿಂದ ತಾನಾಗಿ ಪೌರತ್ವ ಅಳಿದವರ ಮಕ್ಕಳಿಗೆ ಈ ಸೌಲಭ್ಯ ಸಲ್ಲದೆಂದು 2024ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ನಿರ್ಣಯಿಸಿದೆ. ಮುಂದೆ ಮಕ್ಕಳೇ ಆರಿಸಿಕೊಳ್ಳಲಿ ಎಂದು ಹಲವು ಹೆತ್ತವರು ಸಮಾಧಾನ ಹೇಳಿಕೊಳ್ಳುತ್ತಾರೆ. ಮಕ್ಕಳಿಗೆ ಉಳಿಯುವ ಆಯ್ಕೆ ನಾವು ಊಹಿಸಿದಷ್ಟು ವಿಶಾಲವಾಗಿರುವುದಿಲ್ಲ.

ದೊಡ್ಡವರಿಗೆ ಮರಳಿ ಬರುವ ದಾರಿಯೂ ಉಂಟು, ದೀರ್ಘವಾದುದು. ಓಸಿಐ ಕಾರ್ಡ್ ಪಡೆದು ಐದು ವರ್ಷವಾಗಿ, ಅರ್ಜಿಗೆ ಮೊದಲಿನ ಹನ್ನೆರಡು ತಿಂಗಳು ಭಾರತದಲ್ಲಿ ವಾಸವಾಗಿದ್ದವರು ಪೌರತ್ವಕ್ಕೆ ಅರ್ಜಿ ಹಾಕಬಹುದು. ಅರ್ಜಿ ಜಿಲ್ಲಾಧಿಕಾರಿಯ ಕಚೇರಿಯ ಮೂಲಕ ಸಾಗಬೇಕು, ಅಂದರೆ ನಮ್ಮವರಿಗೆ ಕಾಸರಗೋಡಿನ ವಿದ್ಯಾನಗರದ ಮೆಟ್ಟಿಲುಗಳು. ಆಗ ವಿದೇಶದ ಪೌರತ್ವವನ್ನು ಬಿಡಬೇಕಾಗುತ್ತದೆ. ಇದು ಅರ್ಜಿ; ಕೇಳಿದೊಡನೆ ದೊರೆಯುವ ವಸ್ತುವಲ್ಲ.

ಗಡಿನಾಡಿನ ಕನ್ನಡಿಗರಿಗೆ ಈ ಮಾತು ಬೇರೆಯವರಿಗಿಂತ ಹೆಚ್ಚು ತಾಗಬೇಕು. 1956ರ ನವೆಂಬರ್ 1ರಂದು ನಮ್ಮ ಹಿರಿಯರು ಮನೆಯಿಂದ ಕದಲದೆಯೇ ಬೇರೊಂದು ರಾಜ್ಯದವರಾದರು. ಕಚೇರಿಯ ಭಾಷೆ ಬದಲಾಯಿತು, ರಾಜಧಾನಿ ಬದಲಾಯಿತು. ಬದಲಾಗದೆ ಉಳಿದುದು ಪೌರತ್ವ. ನಮ್ಮ ಸಂವಿಧಾನದಲ್ಲಿ ರಾಜ್ಯಕ್ಕೊಂದು ಪೌರತ್ವವಿಲ್ಲ, ದೇಶಕ್ಕೆಲ್ಲ ಒಂದೇ. ಅದರ ಬಲದಿಂದಲೇ ನಮ್ಮ ಮಕ್ಕಳು ತಲಪಾಡಿಯನ್ನು ದಾಟಿ ಮಂಗಳೂರಿನ ಕಾಲೇಜುಗಳಿಗೆ ಹೋಗುತ್ತಾರೆ. 2020ರ ಮಾರ್ಚಿನಲ್ಲಿ ಕೊರೋನಾದ ಭಯದಿಂದ ಆ ಗಡಿಗೆ ಮಣ್ಣು ಸುರಿದಾಗ, ಮಂಗಳೂರಿನ ಆಸ್ಪತ್ರೆಗಳನ್ನೇ ನೆಚ್ಚಿದ್ದ ಕಾಸರಗೋಡಿನ ರೋಗಿಗಳ ಪರವಾಗಿ ಕೇರಳ ಹೈಕೋರ್ಟಿನಲ್ಲಿ ಎತ್ತಿದ ಪ್ರಶ್ನೆ ಪೌರರ ಸಂಚಾರದ ಹಕ್ಕಿನದೂ ಆಗಿತ್ತು. 2017ರಲ್ಲಿ ಶಾಲೆಗಳಲ್ಲಿ ಮಲಯಾಳವನ್ನು ಕಡ್ಡಾಯಗೊಳಿಸುವ ಸುಗ್ರೀವಾಜ್ಞೆ ಬಂದಾಗ ಜಿಲ್ಲಾಧಿಕಾರಿಯ ಕಚೇರಿಯ ಮುಂದೆ ನಿಂತವರೂ ಪೌರರೆಂಬ ಅಧಿಕಾರದಿಂದಲೇ ನಿಂತರು. ಸಂವಿಧಾನದ 29ನೆಯ ವಿಧಿ ತನ್ನದೇ ಭಾಷೆ, ಲಿಪಿ, ಸಂಸ್ಕೃತಿಯುಳ್ಳವರಿಗೆ ಅದನ್ನು ಉಳಿಸಿಕೊಳ್ಳುವ ಹಕ್ಕನ್ನು ಕೊಟ್ಟಿದೆ. ಯಾರಿಗೆ ಕೊಟ್ಟಿದೆಯೆಂದು ನೋಡಿದರೆ, ಅಲ್ಲಿರುವ ಪದ ಪೌರರ ಸಮುದಾಯ. ಮಕ್ಕಳನ್ನು ಕನ್ನಡ ಶಾಲೆಗೆ ಸೇರಿಸುವುದಕ್ಕಾಗಿಯೇ ಮರಳುತ್ತೇವೆ ಎನ್ನುವವರು ಈ ಪದವನ್ನು ಎರಡು ಸಲ ಓದಬೇಕು. ಶಾಲೆಯಲ್ಲಿ ಮಗುವಿಗೆ ಸ್ಥಳ ಸಿಗುವುದು ಒಂದು. ಆ ಶಾಲೆ ಉಳಿಯಬೇಕೆಂದು ಹಕ್ಕಿನಿಂದ ಕೇಳುವವರ ಸಾಲಿನಲ್ಲಿ ನಿಲ್ಲುವುದು ಇನ್ನೊಂದು.

ವಿದೇಶದ ಪೌರತ್ವ ಪಡೆದವರು ಊರನ್ನು ಮರೆತವರೆಂದು ನಾನು ಹೇಳಲಾರೆ. ಶಾಲೆಯ ಕಟ್ಟಡಕ್ಕೆ, ಯಕ್ಷಗಾನದ ಕೂಟಕ್ಕೆ, ಬಡ ಮಕ್ಕಳ ಪುಸ್ತಕಕ್ಕೆ ಅಲ್ಲಿಂದ ನೆರವು ಕಳುಹಿಸುವವರನ್ನು ನಾವು ಬಲ್ಲೆವು. ಅಲ್ಲಿಯೇ ಬಾಳುವೆನೆಂದು ನಿಶ್ಚಯಿಸಿದವನಿಗೆ ಆ ದೇಶದ ಪೌರನಾಗುವುದು ನ್ಯಾಯವಾದ ಹೆಜ್ಜೆ. ತೆರಿಗೆ ತೆತ್ತು ಬದುಕುವ ಊರಿನಲ್ಲಿ ಮತವಿಲ್ಲದೆ ಇರುವುದೂ ಒಂದು ಕೊರತೆಯೇ. ಆದರೆ ಮರಳುವೆನೆಂದು ನಿರ್ಧರಿಸಿದ ಬಳಿಕ, ಮರಳುವುದಕ್ಕೆ ಸಿದ್ಧತೆಯೆಂಬಂತೆ ಅದನ್ನು ಪಡೆಯಲು ಹೊರಡುವವನು, ತಾನು ಯಾವುದಕ್ಕಾಗಿ ಮರಳುತ್ತಿದ್ದೇನೆಂದು ಮೊದಲು ಕೇಳಿಕೊಳ್ಳಬೇಕು. ಹೆತ್ತವರ ಕೊನೆಗಾಲದಲ್ಲಿ ಕೆಲವು ವರ್ಷ ಜೊತೆಗಿದ್ದು ಮತ್ತೆ ಹೋಗುವ ಸಾಧ್ಯತೆ ಇದೆಯೆಂದಾದರೆ ಕಾರ್ಡ್ ಸಾಕು; ಅದರಲ್ಲಿ ನಾಚಿಕೆಯೇನೂ ಇಲ್ಲ. ತೋಟ ಬೆಳೆಸಿ, ಮಕ್ಕಳನ್ನು ಇಲ್ಲಿ ಓದಿಸಿ, ಇಲ್ಲಿಯೇ ಮಣ್ಣಾಗುವೆನೆಂದಾದರೆ, ಆ ಬಾಳಿಗೆ ಬೇಕಾದ ಮೂರು ನಾಲ್ಕು ಹಕ್ಕುಗಳನ್ನು ವಿಮಾನ ಹತ್ತುವ ಮೊದಲೇ ಕೈಬಿಡುವುದು ಜಾಣತನವಾಗಿ ನನಗೆ ಕಾಣುವುದಿಲ್ಲ. ಎರಡರ ನಡುವೆ ತೂಗಾಡುವವರು ನಿರ್ಧಾರವನ್ನು ಗಂಡಸರ ಮಾತಿನಲ್ಲಿ ಮುಗಿಸದೆ ಹೆಂಡತಿಯನ್ನೂ ತಿಳಿವಳಿಕೆ ಬಂದ ಮಕ್ಕಳನ್ನೂ ಕೂರಿಸಿಕೊಂಡು ಮಾಡಲಿ. ನಿಯಮಗಳು ಬದಲಾಗುತ್ತಿರುತ್ತವೆ, ಸಹಿ ಹಾಕುವ ಮುನ್ನ ದೂತಾವಾಸದಲ್ಲಿಯೂ ಬಲ್ಲ ವಕೀಲರಲ್ಲಿಯೂ ವಿಚಾರಿಸಲಿ.

ಹೊರಡುವಾಗ ನನ್ನ ವಿದ್ಯಾರ್ಥಿ ಹೇಳಿದ್ದಿಷ್ಟು: “ನನ್ನದನ್ನು ಆಮೇಲೆ ಯೋಚಿಸುತ್ತೇನೆ. ಮೊದಲು ಚಿಕ್ಕವನದನ್ನು ಸರಿಮಾಡಲು ಏನು ಬೇಕೆಂದು ಬರೆದುಕೊಡಿ.” ನೋಂದಣಿಯ ಆ ಮಾರ್ಗ ಅವನೂ ಅವನ ಹೆಂಡತಿಯೂ ಭಾರತದ ಪೌರರಾಗಿ ಉಳಿದರೆ ಮಾತ್ರ ತೆರೆದಿರುತ್ತದೆ ಎಂಬುದನ್ನು ಚೀಟಿಯ ಮೊದಲ ಸಾಲಿನಲ್ಲಿಯೇ ಬರೆದುಕೊಟ್ಟೆ. ಅವನು ಅದನ್ನು ಓದಿ, ಮಡಚಿ, ಅಂಗಿಯ ಕಿಸೆಗೆ ಹಾಕಿಕೊಂಡ. ತಂದೆ ಏನೂ ಹೇಳಲಿಲ್ಲ. ಮೊಮ್ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಮುಂದೆ ನಡೆದರು.